ಸಾವಿನ ಸುದ್ದಿ ಹೇಳುವವನ ನಕ್ಷೆ

ವರ್ಷಕ್ಕೊಮ್ಮೆ ಎಲ್ಲರಂತೆ ನಾನೂ ಸರಕಾರದ ನಂಟು ಕಚೇರಿಗೆ ಹೋಗಿ, ಯಾರ್ಯಾರಿಗೆ ಫೋನ್ ಮಾಡಿದೆನೆಂಬ ನನ್ನ ಫೋನಿನ ನಕ್ಷೆ ತೋರಿಸಿ ಬರಬೇಕು. ಹೋದ ವರ್ಷದವರೆಗೆ ನಾನು ಬರೀ ಸಂಗನಬಸಪ್ಪ. ಈ ಸಲ ನಕ್ಷೆ ಓದುವ ಯಂತ್ರದ ಪ್ರಕಾರ ಉಗ್ರರ ಮುಖಂಡನಂತೆ! ನಮ್ಮೂರಲ್ಲಿ ಯಾರು ಸತ್ತರೂ ಬೀಗರಿಗೆಲ್ಲ ಫೋನ್ ಮಾಡಿ ತಿಳಿಸುವವನು ನಾನೇ.

“ನೀ ಫೋನ್ ಮಾಡಿದ ಮ್ಯಾಲ ಇನ್ನೂರು ಮಂದಿ ಒಂದ ಕಡೆ ಕೂಡ್ತಾರ. ಪ್ರತಿ ಸಲಾನೂ ಅಲ್ಲೊಂದು ಹೆಣ ಇರ್ತೈತಿ,” ಎಂದ ಅಧಿಕಾರಿ ಮುದಕಪ್ಪ. ನಮ್ಮೂರವನೇ, ನನ್ನ ಕಣ್ಣೆದುರೇ ಬೆಳೆದವನು.

“ಹೆಣ ಬಿದ್ದಿದ್ದಕ್ಕ ಫೋನ್ ಮಾಡ್ತೀನೋ ತಮ್ಮಾ, ಫೋನ್ ಮಾಡಿದ್ದಕ್ಕ ಹೆಣ ಬೀಳಂಗಿಲ್ಲ!”

“ಯಂತ್ರಕ್ಕ ಅದೆಲ್ಲಾ ತಿಳಿಯಂಗಿಲ್ಲ ಕಾಕಾ. ಹನ್ನೆರಡು ನಂಬರ್ ಇಟ್ಕೊ, ಉಳಿದಾವು ಅಳಸು. ಇಲ್ಲಂದ್ರ ಜೈಲಿಗೆ ನಡಿ.”

ಅಳಿಸಿದೆ. ಅಳಿಸಿದವರಿಗೆ ಮತ್ತೆ ಫೋನೇ ಹೋಗುವುದಿಲ್ಲ. ರೇಷನ್ ಅಂಗಡಿ, ಕರೆಂಟ್ ಆಫೀಸು, ದವಾಖಾನೆ ಎಂದು ಅಳಿಸಲು ಬಾರದ ಸರಕಾರಿ ನಂಬರುಗಳೇ ಹನ್ನೊಂದು ಉಳಿದವು. ದೇಶ ಸುರಕ್ಷಿತವಾಯಿತು.

ಆಗ ಮುದಕಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಕಾಕಾ, ಊರಾಗ ನಮ್ಮವ್ವ ಹಾಸಿಗಿ ಹಿಡದಾಳ. ಹನ್ನೆರಡನೇದು ನಂದ ಇರ್ಲಿ.”

ಇಟ್ಟೆ. ಅವಳು ಹೋದ ದಿನ ಅವನಿಗೆ ತಪ್ಪದೆ ಫೋನ್ ಮಾಡುತ್ತೇನೆ. ಹೊರಲು ನಾಲ್ಕು ಹೆಗಲು ಬೇಕು. ನನ್ನದೊಂದು, ಅವನದೊಂದು. ಉಳಿದೆರಡನ್ನು ಅವನು ನಕ್ಷೆಯಲ್ಲಿ ಹುಡುಕಿಕೊಳ್ಳಲಿ.