ಐದನೆಯ ಸೌಟು

ಮೀನಡುಗೆ ಸ್ಪರ್ಧೆಯಲ್ಲಿ ವಾರಿಜಳಿಗೆ ನಾಲ್ಕು ವರ್ಷವೂ ಸಿಕ್ಕಿದ್ದು ಸಮಾಧಾನಕರ ಬಹುಮಾನದ ಸ್ಟೀಲ್ ಸೌಟು. ಐದನೆಯ ಸೌಟು ಬೇಡವೆಂದು ಈ ಸಲ ಅವಳು ಎಂದಿನ ಖಾರದ ಪುಳಿಮುಂಚಿಯನ್ನೇ ಕೈಬಿಟ್ಟಳು. ಕಾಣೆ ಮೀನಿನ ಮೇಲೆ ಬೆಣ್ಣೆಯಲ್ಲಿ ಕಲಸಿದ ಬ್ರೆಡ್ ಪುಡಿ ಒತ್ತಿ ಓವನ್‌ನಲ್ಲಿ ಬೇಯಿಸಿದಳು. ಪಕ್ಕದ ಬಟ್ಟಲಲ್ಲಿ ಮಾವಿನಹಣ್ಣು, ಅನಾನಸು, ಹಸಿಮೆಣಸು ಸಣ್ಣಗೆ ಹೆಚ್ಚಿ ಲಿಂಬೆರಸ ಹಿಂಡಿದ ಸಾಲ್ಸಾ ಇಟ್ಟಳು.

ಭಾನುವಾರ ಸಭಾಭವನದಲ್ಲಿ ಮದುವೆ ಇದ್ದುದರಿಂದ ಸ್ಪರ್ಧೆ ಸೋಮವಾರಕ್ಕೆ ಹೋಗಿತ್ತು. ಪ್ರತಿವರ್ಷ ಗೆಲ್ಲುವ ಗಿರಿಜಕ್ಕ ತೆಂಗಿನಕಾಯಿ ಅರೆದು ಮಾಡಿದ ತನ್ನ ಮೀನಿನ ಗಸಿಯ ಪಾತ್ರೆ ಇಟ್ಟು, ವಾರಿಜಳ ತಟ್ಟೆಯತ್ತ ಇಣುಕಿದಳು.

"ಎಂತ ಮಾರಾಯ್ತಿ ಇದು? ಮೀನಿನ ಒಟ್ಟಿಗೆ ಹಣ್ಣಾ? ಜ್ವರ ಬಂದವರಿಗೆ ಮಾಡಿದ್ದಾ?"

"ತಿಂದು ನೋಡಿ, ಮತ್ತೆ ಹೇಳಿ ಅಕ್ಕ."

ತೀರ್ಪುಗಾರರಾಗಿ ಮೂವರು ಹಿರಿಯರು ಬಂದರು. ಗಸಿಯ ಮುಂದೆ ಬಗ್ಗಿ ಪರಿಮಳ ನೋಡಿ, ತಲೆಯಾಡಿಸಿ, ಅಂಕ ಬರೆದು ಮುಂದೆ ನಡೆದರು. ವಾರಿಜಳ ಮೇಜಿನ ಬಳಿ ಮಾತ್ರ ಚಮಚ ಹಿಡಿದು ನಿಂತೇಬಿಟ್ಟರು. ಅವರಲ್ಲೊಬ್ಬರು ಎರಡನೇ ಸಲವೂ ಬಂದರು.

ಮೊದಲ ಬಹುಮಾನ ವಾರಿಜಳಿಗೆ ಬಂತು. ಸೌಟು ಗಿರಿಜಕ್ಕನ ಕೈ ಸೇರಿತು.

ವಾರಿಜ ಖುಷಿ ತಡೆಯಲಾರದೆ ಮುಖ್ಯ ತೀರ್ಪುಗಾರರ ಹಿಂದೆಯೇ ಮೆಟ್ಟಿಲಿಳಿದಳು.

"ಸರ್, ಬ್ರೆಡ್ ಪುಡಿ ಗರಿಗರಿ ಇತ್ತಲ್ಲ? ಮೀನು ಹದವಾಗಿ ಬೆಂದಿತ್ತಾ?"

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು.

"ಅದು ಯಾರಿಗೆ ಗೊತ್ತಮ್ಮ. ಸೋಮವಾರ ನಾವು ಮೂವರೂ ಮೀನು ಮುಟ್ಟುದಿಲ್ಲ. ಇಡೀ ಸಭಾಭವನದಲ್ಲಿ ನಮಗೆ ತಿನ್ನಲಿಕ್ಕೆ ಆಗುವಂಥದ್ದು ಅಂತ ಇದ್ದದ್ದು ನಿಮ್ಮ ಹಣ್ಣು ಮಾತ್ರ."