ಗೋಡೆಯ ಮೇಲಿನ ತೋಡಿ

ಹಸಿ ಸುಣ್ಣದ ವಾಸನೆ ಬಂದರೆ ಸಾಕು, ಈಗಲೂ ನನಗೆ ಚಿಕ್ಕಮ್ಮನ ಗೋಡೆ ನೆನಪಾಗುತ್ತದೆ.

ಚಿಕ್ಕಮ್ಮ ಗಂಡನನ್ನು ಕಳೆದುಕೊಂಡು ಬೆಟ್ಟದಪುರದ ಅಜ್ಜಿ ಮನೆಗೆ ವಾಪಸು ಬಂದಿದ್ದಳು. ಅವಳ ವೀಣೆಯನ್ನು ಗಂಡನ ಮನೆಯವರು ಉಳಿಸಿಕೊಂಡು, ಗ್ರಾಮಫೋನನ್ನು ಮಾತ್ರ ಗಾಡಿಗೆ ಹಾಕಿ ಕಳಿಸಿದ್ದರು. ಇದ್ದದ್ದು ಒಂದೇ ಪ್ಲೇಟು, ವೀಣೆಯಲ್ಲಿ ತೋಡಿ ರಾಗದ ಆಲಾಪನೆ. ಅದು ಸವೆದು ಹೋಗುವುದರೊಳಗೆ ಸ್ವರಗಳನ್ನು ಬರೆದಿಟ್ಟುಕೊಳ್ಳಬೇಕೆಂದು ಅವಳ ಹಟ.

"ಕೀ ಕೊಡು ಮಗ, ಇನ್ನೊಂದ್ ಸಲ ಕೇಳಾನ," ಅನ್ನುವಳು. ನಾನು ಕೀ ತಿರುಗಿಸುತ್ತಿದ್ದೆ. ಆಲಾಪನೆಗೆ ತಾಳವಿಲ್ಲ, ಎಣಿಸಿ ಬರೆಯಲಾಗದು. ಅದಕ್ಕೇ ಅವಳು ಹೊಗೆಸೊಪ್ಪು ಪೇರಿಸುವ ಕೋಣೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಳು. ಸ್ವರ ಎಷ್ಟು ಹೊತ್ತು ನಿಂತಿತೋ ಅಷ್ಟುದ್ದ ಗೆರೆ. ಗಮಕ ನಡುಗಿದ ಕಡೆ ಗೆರೆಯೂ ನಡುಗುತ್ತಿತ್ತು.

ಹಬ್ಬದ ಹಿಂದಿನ ಮಧ್ಯಾಹ್ನ ಅಜ್ಜಿ ಒಳಗೆ ಬಂದು ಗೋಡೆ ನೋಡಿದಳು. ಬಯ್ಯಲಿಲ್ಲ. ಸುಣ್ಣದ ಮಡಕೆ, ಕುಂಚ ತಂದು ಮಗಳ ಮುಂದಿಟ್ಟಳು.

"ನೆಂಟ್ರು ಬತ್ತಾರೆ. ಗಂಡ ಸತ್ತೋಳು ಗೋಡೆ ತುಂಬಾ ಸಂಗೀತ ಬರ್ದವ್ಳೆ ಅಂತ ನಾಕ್ ಜನ ಆಡ್ಕೊಳ್ಳೋದು ಬ್ಯಾಡ. ನೀನೇ ಬಳಿ."

"ಪ್ಲೇಟು ಆಗ್ಲೇ ಗೊರ್ ಅಂತದೆ ಕಣವ್ವ," ಅಂದಳು ಚಿಕ್ಕಮ್ಮ.

"ಒಳ್ಳೇದೇ ಆಯ್ತು ಬುಡು."

ಚಿಕ್ಕಮ್ಮ ಮೊದಲ ಸ್ವರದಿಂದಲೇ ಬಳಿಯತೊಡಗಿದಳು. ಕುಂಚ ಒಂದೊಂದು ಗೆರೆಯುದ್ದಕ್ಕೂ, ಸ್ವರ ನಿಂತಷ್ಟೇ ನಿಧಾನವಾಗಿ ಹೋಗುತ್ತಿತ್ತು. ತುಟಿ ಅಲುಗುತ್ತಿತ್ತು, ದನಿ ಬರಲಿಲ್ಲ.

ಸಂಜೆ ಸುಣ್ಣ ಆರಿದ ಮೇಲೂ ಗೆರೆಗಳು ಮಸುಕಾಗಿ ಕಾಣುತ್ತಿದ್ದವು. ಅಜ್ಜಿ ದೀಪ ಹಿಡಿದು, ಗೋಡೆಗೆ ಮುಖ ತಾಗಿಸುವಷ್ಟು ಹತ್ತಿರ ಹೋಗಿ ನೋಡಿದಳು.

"ಇನ್ನೂ ಕಾಣ್ತದೆ ಕಣೇ. ಇನ್ನೊಂದ್ ಕೈ ಹೊಡಿ."