ಅಂಟಿಸಿದ ಬಟ್ಟಲು

ಮನೆತನದ ಹಿರಿಯರೊಬ್ಬರ ಗೋರಿಯ ಮೇಲಿದ್ದ ಪಿಂಗಾಣಿ ಬಟ್ಟಲು ಇಡಿಯಾಗಿತ್ತು. ಅದನ್ನು ಕಂಡದ್ದೇ ಎಥೆಲಿನ್ ದೊಡ್ಡಮ್ಮನ ಕೈಯಿಂದ ಹೂವು ಜಾರಿತು. "ಯಾರೇ ಇದನ್ನ ಅಂಟಿಸಿದ್ದು?"

"ನಾನೇ," ಎಂದಳು ತುಂಬು ಬಸುರಿ ವರ್ನೆಲ್, ಹೆಮ್ಮೆಯಿಂದ. ಬಿಳಿಯರ ಹತ್ತಿ ತೋಟದಲ್ಲಿ ದುಡಿದು ಹೆಸರಿಲ್ಲದೆ ಮಣ್ಣಾದ ತಮ್ಮ ಗುಲಾಮ ಹಿರಿಯರಿಗೆ ನಾಳೆ ಅಮೆರಿಕದ ಆ ಪುಟ್ಟ ದ್ವೀಪದವರೆಲ್ಲ ಸೇರಿ ಇದೇ ಸ್ಮಶಾನದಲ್ಲಿ ಸ್ಮಾರಕದ ಕಲ್ಲು ನೆಡುವವರಿದ್ದರು. "ಚೂರುಚೂರಾಗಿ ಬಿದ್ದಿತ್ತು. ನೋಡಿದೋರು ಏನಂದ್ಕೋತಾರೆ?"

"ಅದನ್ನ ಒಡೆದೇ ಇಡೋದು ಕಣೇ! ಸತ್ತೋರು ಕೊನೇ ಸಲ ಉಂಡ ಬಟ್ಟಲು ಒಡೆದ್ರೆ ಸಾವಿನ ಸರಪಳಿ ಅಲ್ಲಿಗೆ ತುಂಡಾಯ್ತು ಅಂತ. ಇಡಿಯಾಗಿದ್ರೆ ಮನೆಯಿಂದ ಇನ್ನೊಬ್ರನ್ನ ಕರೀತಾರೆ." ದೊಡ್ಡಮ್ಮನ ಕಣ್ಣು ವರ್ನೆಲ್‌ಳ ಹೊಟ್ಟೆಯ ಮೇಲೆ ನಿಂತಿತ್ತು.

"ಕರೆದ್ರೆ, ಹೆರಿಗೆ ಮುಗಿಸ್ಕೊಂಡು ಬರ್ತಾಳಂತೆ ಅಂತ ಹೇಳ್ಬಿಡು," ಎಂದು ವರ್ನೆಲ್ ನಕ್ಕಳು.

ದೊಡ್ಡಮ್ಮ ನಗಲಿಲ್ಲ. ಬಟ್ಟಲನ್ನೆತ್ತಿ ಓಕ್ ಮರದ ಬೇರಿಗೆ ಬಲವಾಗಿ ಎಸೆದಳು. ಅದು ಠಣ್ಣೆಂದು ಪುಟಿದು, ಹುಲ್ಲಿನಲ್ಲಿ ಉರುಳುತ್ತಾ ಬಂದು ವರ್ನೆಲ್‌ಳ ಕಾಲ ಬಳಿಯೇ ನಿಂತಿತು. ಹೊಸ ಬಿರುಕೊಂದೂ ಬಿಟ್ಟಿರಲಿಲ್ಲ.

ವರ್ನೆಲ್‌ಳ ನಗು ಅರ್ಧಕ್ಕೇ ಆರಿತು. ಒಂದು ಕೈಯಲ್ಲಿ ಹೊಟ್ಟೆ ಹಿಡಿದು ಬಗ್ಗಿ, ಇನ್ನೊಂದರಲ್ಲಿ ಸ್ಮಾರಕಕ್ಕೆಂದು ತಂದಿಟ್ಟಿದ್ದ ಇಟ್ಟಿಗೆಯೊಂದನ್ನು ಎತ್ತಿಕೊಂಡಳು.

"ದೊಡ್ಡಮ್ಮ, ಎಷ್ಟು ಚೂರಾಗ್ಬೇಕು?"